ಪರಿಚಯಗಳಿಂದ ಹಣ ಬೆಳೆಯುತ್ತದೆಯೇ: ಪೀಣ್ಯದಿಂದ ಒಂದು ಉತ್ತರ

ನೀವು ಕೇಳಿರುವುದು ಇಷ್ಟು: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ತುಮಕೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೀರಿ, ಮುಂದೆ ಸ್ವಂತ ಘಟಕ ತೆರೆಯುವ ಆಸೆಯಿದೆ, ಮನೆಯಲ್ಲಿ ಯಾರಿಗೂ ವ್ಯಾಪಾರದ ಹಿನ್ನೆಲೆಯಿಲ್ಲ, ಶ್ರೀಮಂತರ ಒಡನಾಟ ಬೆಳೆಸಿಕೊಂಡರೆ ತಾನಾಗಿಯೇ ಮೇಲೆ ಬರಬಹುದು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ, ನಿಜವಾದರೆ ಆ ಒಡನಾಟವನ್ನು ಸಂಪಾದಿಸುವುದು ಹೇಗೆ? ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಬೇಕಾದ ಬಿಡಿಭಾಗಗಳ ಕೆಲಸ, ಮಾಡಿಕೊಡುವ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಇಲ್ಲಿ ಕಂಡದ್ದರ ಮೇಲೆ ಹೇಳುವುದಾದರೆ, ಪರಿಚಯಗಳಿಂದ ಹಣ ಖಂಡಿತವಾಗಿ ಬೆಳೆಯುತ್ತದೆ. ಆದರೆ ಆ ಪರಿಚಯ ಶ್ರೀಮಂತರದ್ದಾಗಿರಬೇಕಾಗಿಲ್ಲ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರದ್ದಾಗಿರಬೇಕು.

ಪೀಣ್ಯದಲ್ಲಿ ಒಂದು ಬಿಡಿಭಾಗ ಒಂದೇ ಶೆಡ್‌ನಲ್ಲಿ ಹುಟ್ಟಿ ಮುಗಿಯುವುದು ಅಪರೂಪ. ಲೇತ್ ಕೆಲಸ ಒಂದು ಕಡೆ, ಮಿಲ್ಲಿಂಗ್ ಮತ್ತೊಂದು ಕಡೆ, ಅಲ್ಲಿಂದ ಲೋಹವನ್ನು ಕಾಯಿಸಿ ತಣಿಸಿ ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್‌ಗೆ, ಮತ್ತೆ ಗ್ರೈಂಡಿಂಗ್‌ಗೆ, ಕೊನೆಗೆ ಪ್ಲೇಟಿಂಗ್‌ಗೆ ಹೋಗಿ ಬರುತ್ತದೆ. ಹೀಗಾಗಿ ಯಾರ ಕೈ ಶುದ್ಧ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ, ಯಾರ ಯಂತ್ರ ಖಾಲಿಯಿದೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ದೊಡ್ಡ ಕಾರಿನಲ್ಲಿ ಬರುವ ಮಾಲೀಕರಲ್ಲ. ಹತ್ತಾರು ಶೆಡ್‌ಗಳ ಮಾಲು ಹಾದುಹೋಗುವ ಹೀಟ್ ಟ್ರೀಟ್‌ಮೆಂಟ್ ಅಂಗಡಿಯವರು, ಟೂಲ್ ಸಾಣೆ ಹಿಡಿಯುವವರು, ಇನ್ಸರ್ಟ್ (ಲೋಹ ಕತ್ತರಿಸುವ ಬದಲಿ ಅಲಗು) ಮಾರಲು ಬರುವ ಸೇಲ್ಸ್ ಹುಡುಗರು, ಟೆಂಪೋ ಓಡಿಸುವವರು. ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದವರು ಹೊಸ ಭಾಗಕ್ಕೆ ಘಟಕ ಹುಡುಕುವಾಗ ವಿಚಾರಿಸುವುದು ಬಹುತೇಕ ಇಂಥವರಲ್ಲಿಯೇ. ಇವರನ್ನು ಗೌರವದಿಂದ ಕಾಣುವುದು ಒಳ್ಳೆಯತನವಂತೂ ಹೌದು, ಜೊತೆಗೆ ಈ ವ್ಯಾಪಾರದ ಜೀವಾಳವೂ ಹೌದು.

ಒಂದು ಪ್ರಸಂಗ ಹೇಳುತ್ತೇನೆ. 25 ಮಿಲಿಮೀಟರ್ ಬೋರ್ (ಒಳರಂಧ್ರ) ಇರುವ ಬುಷ್‌ಗಳ ಆರ್ಡರ್ ನಮ್ಮಲ್ಲಿತ್ತು, ಡ್ರಾಯಿಂಗ್‌ನಲ್ಲಿ ಎಚ್7 ಎಂದಿತ್ತು. ಅಂದರೆ ಆ ಅಳತೆ ಏರುಪೇರಾಗಲು ಸಿಗುವ ಅವಕಾಶ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದ 21 ಭಾಗ) ಮಾತ್ರ, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ರಂಧ್ರ ಅಳೆಯುವ ನಮ್ಮ ಬೋರ್ ಗೇಜ್ ಕ್ಯಾಲಿಬ್ರೇಶನ್‌ಗೆ (ನಿಖರತೆಯ ಪರೀಕ್ಷೆಗೆ) ಹೋಗಿತ್ತು, ಮಾಲು ಮರುದಿನ ಬೆಳಿಗ್ಗೆ ಹೊರಡಬೇಕಿತ್ತು. ಹೀಟ್ ಟ್ರೀಟ್‌ಮೆಂಟ್ ಅಂಗಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಎದುರಾಗಿ ತಲೆಯಾಡಿಸುತ್ತಿದ್ದ ಪಕ್ಕದ ರಸ್ತೆಯವರೊಬ್ಬರು ಕೇಳಿದ ತಕ್ಷಣ ತಮ್ಮ ಗೇಜನ್ನು, ಅದನ್ನು ಸರಿಹೊಂದಿಸುವ ಸೆಟ್ಟಿಂಗ್ ರಿಂಗ್ ಸಮೇತ ಕೊಟ್ಟು ಕಳಿಸಿದರು. ಮುಂದೆ ಅವರ ಯಂತ್ರದ ಸ್ಪಿಂಡಲ್ ಕೆಟ್ಟು ಕೂತಾಗ ಅವರ ಕೆಲಸ ನಮ್ಮಲ್ಲಿ ರಾತ್ರಿ ಪಾಳಿಯಲ್ಲಿ ನಡೆಯಿತು. ಆ ಮಾಲನ್ನು ನಾವು ಅವರ ಹೆಸರಿನಲ್ಲಿ, ಅವರ ಡಬ್ಬಿಯಲ್ಲಿ ಕಳಿಸಿದೆವು. ನಮ್ಮ ವಿಸಿಟಿಂಗ್ ಕಾರ್ಡ್ ಒಳಗಿಡಲಿಲ್ಲ, ಅವರ ಗಿರಾಕಿಗೆ ಫೋನ್ ಮಾಡಲಿಲ್ಲ. ಆಮೇಲೆ ತಮ್ಮ ಕೈಮೀರಿದ ಕೆಲಸ ಬಂದಾಗ ಅವರೇ ಆ ಗಿರಾಕಿಯನ್ನು ಕರೆತಂದು ನಮಗೆ ಪರಿಚಯಿಸಿದರು, ಇಂದಿಗೂ ಆ ಕಂಪನಿ ನಮ್ಮ ಮುಖ್ಯ ಗಿರಾಕಿಗಳಲ್ಲಿ ಒಂದು. ಹೆಚ್ಚುವರಿ ಕೆಲಸ ಕೊಟ್ಟವರ ಗಿರಾಕಿಗೆ ಕೈ ಹಾಕಬಾರದು ಎಂಬ ಈ ನಿಯಮವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಅದನ್ನು ಮುರಿದವರ ಹೆಸರು ವಾರದೊಳಗೆ ಎಲ್ಲ ರಸ್ತೆಗಳಿಗೂ ತಲುಪಿರುತ್ತದೆ.

ಅಷ್ಟೇನೂ ಹತ್ತಿರದವರಲ್ಲದ ಒಬ್ಬರಿಂದ ಇಷ್ಟು ದೊಡ್ಡ ಲಾಭವಾದದ್ದು ಆಕಸ್ಮಿಕವೇನಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಬಾಸ್ಟನ್ ಬಳಿಯ ಪಟ್ಟಣವೊಂದರಲ್ಲಿ ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರನ್ನು ಕೇಳಿ ನೋಡಿದ್ದರು: ಆಗಾಗ ಭೇಟಿಯಾಗುತ್ತಿದ್ದ ಆಪ್ತರಿಂದ ಸುದ್ದಿ ಸಿಕ್ಕಿದ್ದು ಶೇ. 17ರಷ್ಟು ಜನರಿಗೆ ಮಾತ್ರ, ಉಳಿದವರಿಗೆಲ್ಲ ಅಪರೂಪಕ್ಕೋ ಯಾವಾಗಲೋ ಸಿಗುವ ಪರಿಚಿತರಿಂದ. ಕಾರಣ ಸರಳ. ನಮ್ಮ ಆಪ್ತರು ನಮಗೆ ಗೊತ್ತಿರುವ ಜನರನ್ನೇ ಬಲ್ಲರು, ನಮಗೆ ಗೊತ್ತಿರುವ ಸುದ್ದಿಯನ್ನೇ ಬಲ್ಲರು. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಎಚ್‌ಎಂಟಿಯಂಥ ಕಾರ್ಖಾನೆಗಳಲ್ಲಿ ಪಳಗಿ ಹೊರಬಂದು ಘಟಕ ತೆರೆದವರು, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಕಲಿತವರು ಇಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆ ಹಳೆಯ ಸಹಪಾಠಿಗಳೇ ದಾರಿಯಾದದ್ದೂ ಇದೇ ಕಾರಣಕ್ಕೆ. ನಿಮ್ಮ ಡಿಪ್ಲೊಮಾ ಬ್ಯಾಚಿನವರು ಈಗ ಎಲ್ಲೆಲ್ಲಿ ಚದುರಿದ್ದಾರೆ ಎಂದು ಒಮ್ಮೆ ಬರೆದುಕೊಂಡು ನೋಡಿ. ಮನೆಯಲ್ಲಿ ವ್ಯಾಪಾರದ ಹಿನ್ನೆಲೆಯಿಲ್ಲ ಎಂಬ ನಿಮ್ಮ ಕೊರಗಿಗೆ ಅರ್ಧ ಉತ್ತರ ಆ ಪಟ್ಟಿಯಲ್ಲೇ ಸಿಗುತ್ತದೆ.

ದಿನವೂ ಜೊತೆಗಿರುವವರ ಪ್ರಭಾವ ಬೇರೆ ಬಗೆಯದು. ಅವರು ಸುದ್ದಿ ತರುವುದಿಲ್ಲ, ಯಾವುದು ಸಹಜ ಎಂಬ ನಮ್ಮ ಅಳತೆಯನ್ನೇ ಬದಲಿಸುತ್ತಾರೆ. ಸಂಬಳ ಬಂದ ವಾರವೇ ಕಂತಿನಲ್ಲಿ ಹೊಸ ಬೈಕು ಕೊಳ್ಳುವುದು ಸಹಜವಾಗಿರುವ ಕೋಣೆಯಲ್ಲಿ ನೀವೊಬ್ಬರೇ ಯಂತ್ರಕ್ಕೆಂದು ಹಣ ಕೂಡಿಡುವುದು ತುಂಬಾ ಕಷ್ಟ. ಆರ್‌ಡಿ ಎಷ್ಟಾಯಿತು, ಕ್ಯಾಮ್ (ಯಂತ್ರಕ್ಕೆ ಪ್ರೋಗ್ರಾಂ ಬರೆಯುವ) ಸಾಫ್ಟ್‌ವೇರ್ ಕಲಿತು ಮುಗಿಸಿದೆಯಾ ಎಂದು ಕೇಳುವ ಇಬ್ಬರು ಗೆಳೆಯರಿದ್ದರೆ ಅದೇ ಕೆಲಸ ಹಗುರವಾಗುತ್ತದೆ. ಹಳೆಯ ಗೆಳೆಯರನ್ನು ಬಿಟ್ಟುಬಿಡಿ ಎಂದು ನಾನು ಎಂದಿಗೂ ಹೇಳುವುದಿಲ್ಲ, ಹಾಗೆ ಬೋಧಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಬ್ಬರನ್ನು ಹೊಸದಾಗಿ ಸೇರಿಸಿಕೊಂಡರೆ ಸಾಕು.

ಸಾವಿರಾರು ರೂಪಾಯಿ ಸದಸ್ಯತ್ವ ಕೇಳುವ ಗುಂಪಿನ ಬಗ್ಗೆಯೂ ಬರೆದಿದ್ದೀರಿ. ಅಲ್ಲಿ ನಿಮಗೆ ಬರುವ ಹಣ ಯಾವುದೋ ವಸ್ತುವನ್ನೋ ಕೆಲಸವನ್ನೋ ಮಾರಿದ್ದಕ್ಕೆ ಬರುತ್ತದೆಯೇ, ಇನ್ನಷ್ಟು ಜನರನ್ನು ಸೇರಿಸಿದ್ದಕ್ಕೆ ಬರುತ್ತದೆಯೇ ಎಂದು ನೇರವಾಗಿ ಕೇಳಿ. ಎರಡನೆಯದಾದರೆ ಅದು ಸರಪಳಿ ಯೋಜನೆ. 1978ರ ಕಾಯ್ದೆಯೇ ಇಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದೆ, 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿರ್ಬಂಧಿಸಿವೆ. ನಿಮ್ಮ ನೆಂಟರ, ಗೆಳೆಯರ ನಂಬಿಕೆಯನ್ನು ಇಂಥ ಯೋಜನೆ ನಡೆಸುವವರು ನಗದು ಮಾಡಿಕೊಳ್ಳುತ್ತಾರೆ, ಆ ನಂಬಿಕೆ ಮತ್ತೆ ಸಂಪಾದಿಸಲು ಸಿಗುವಂಥದ್ದಲ್ಲ.

ಅದಕ್ಕಿಂತ, ಬೆಸ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಲೋಹ ಕತ್ತರಿಸುವ ಯಂತ್ರಗಳ ಇಮ್‌ಟೆಕ್ಸ್ ಪ್ರದರ್ಶನ ನಿಮಗೆ ಹತ್ತಿರದ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲೇ ನಡೆಯುತ್ತದೆ, ಅದಕ್ಕೆ ಹೋಗಿ. ಹೋದಾಗ "ಸರ್, ಮಾರ್ಗದರ್ಶನ ಮಾಡಿ" ಎಂದು ಕೇಳಬೇಡಿ, ಯಾರಿಗೂ ಅದಕ್ಕೆ ಉತ್ತರ ಹೊಳೆಯುವುದಿಲ್ಲ. "ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಆಳವಾದ ರಂಧ್ರ ಕೊರೆಯುವಾಗ ನಮ್ಮಲ್ಲಿ ಚಿಪ್ ಸಿಕ್ಕಿಕೊಳ್ಳುತ್ತದೆ, ನೀವು ಹೇಗೆ ನಿಭಾಯಿಸುತ್ತೀರಿ?" ಎಂದು (ಚಿಪ್ ಎಂದರೆ ಕೊರೆಯುವಾಗ ಬರುವ ಲೋಹದ ಚೂರು) ಕೇಳಿ, ಕೆಲಸ ಬಲ್ಲವರು ಅರ್ಧ ಗಂಟೆ ನಿಂತು ಹೇಳುತ್ತಾರೆ. ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತೆಂದು ವಾರದ ನಂತರ ನಾಲ್ಕು ಸಾಲು ಬರೆದು ಕಳಿಸಿ. ಕೇಳುವವರು ಬಹಳ, ಫಲಿತಾಂಶ ತಿಳಿಸುವವರು ತೀರಾ ವಿರಳ, ಆದ್ದರಿಂದ ಆ ನಾಲ್ಕು ಸಾಲು ನೆನಪಿನಲ್ಲಿ ಉಳಿಯುತ್ತವೆ.

ಘಟಕ ತೆರೆದ ಮೇಲೆ ನಿಮಗಿಂತ ಸಣ್ಣವರ ಬಿಲ್ಲನ್ನು ಹೇಳಿದ ದಿನಕ್ಕೆ ಪಾವತಿ ಮಾಡಿ. ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದದಲ್ಲಿ ಹೆಚ್ಚಿನ ಗಡುವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಮೊದಲೇ ಕೊಡುವವರ ಕೆಲಸ ಎಲ್ಲ ಶೆಡ್‌ಗಳಲ್ಲೂ ಮೊದಲು ಯಂತ್ರಕ್ಕೆ ಏರುತ್ತದೆ.

ಇನ್ನೊಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಬಳಗ ಬೆಳೆದಂತೆ ಸಾಲಕ್ಕೆ ಜಾಮೀನು ನಿಲ್ಲಿ ಎಂದು ಕೇಳುವವರೂ ಬರುತ್ತಾರೆ, ಸಂಕೋಚಕ್ಕೆ ಸಹಿ ಹಾಕಿಬಿಡುವುದು ನಮ್ಮಲ್ಲಿ ಸಾಮಾನ್ಯ. ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು, ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರರ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಬ್ಯಾಂಕಿನವರು ಸಾಲಗಾರರನ್ನು ಬಿಟ್ಟು ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಯಂತ್ರದ ಸಮಯ ಕೊಡಿ, ಗೇಜ್ ಕೊಡಿ, ಗಿರಾಕಿಯ ಪರಿಚಯ ಮಾಡಿಸಿಕೊಡಿ, ಮುಳುಗಿದರೂ ತಡೆದುಕೊಳ್ಳಬಲ್ಲಷ್ಟು ಹಣವನ್ನು ಕೈಯಾರೆ ಕೊಡಿ. ಪೂರ್ತಿ ಸಾಲವನ್ನು ನೀವೇ ತೀರಿಸಲು ಸಿದ್ಧರಿಲ್ಲದಿದ್ದರೆ ಜಾಮೀನಿನ ಕಾಗದಕ್ಕೆ ಸಹಿ ಹಾಕಬೇಡಿ.