ಸಿಯಾಟಲ್‌ಗೆ ಬರುತ್ತಿರುವ ಹಾವೇರಿಯ ತಮ್ಮನಿಗೆ

ತಮ್ಮಾ, ಹಾವೇರಿಯವನು ನೀನು. ಹುಬ್ಬಳ್ಳಿಯಲ್ಲಿ ಎಸ್‌ಸಿ ಕೋಟಾದಲ್ಲಿ ಇಂಜಿನಿಯರಿಂಗ್ ಮುಗಿಸಿದ್ದೀಯ. ಈಗ ಅಮೆರಿಕದ ಸಿಯಾಟಲ್ ಕಡೆ ಕೆಲಸ ಸಿಕ್ಕಿದೆ. ‘ಅಲ್ಲೂ ಜಾತಿ ಕೇಳ್ತಾರಾ ಅಣ್ಣಾ? ಕೋಟಾ ವಿಷಯ ಮುಚ್ಚಿಡಬೇಕಾ?’ ಅಂತ ಕೇಳಿದ್ದೀಯ.

ಇಲ್ಲಿನ ಜನ ಕೇಳುವುದಿಲ್ಲ. ಕೇಳುವವರು ನಮ್ಮವರೇ. ಶನಿವಾರ ಊಟಕ್ಕೆ ಕರೆದು ಊರು ಯಾವುದು, ಅಡ್ಡಹೆಸರೇನು, ಯಾವ ಪೈಕಿ ಅಂತ ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಆಮೇಲೆ ಯಾರೋ ಒಬ್ಬರು ‘ರಿಸರ್ವೇಶನ್‌ನಿಂದಲೇ ನಾವು ದೇಶ ಬಿಡಬೇಕಾಯ್ತು’ ಅನ್ನುತ್ತಾರೆ. ನಾನೂ ಧಾರವಾಡದಲ್ಲಿ ಅದೇ ಕೋಟಾದಲ್ಲಿ ಓದಿದವನು. ಆ ಮಾತು ಎಷ್ಟು ಚುಚ್ಚುತ್ತದೆ ಅಂತ ಗೊತ್ತು. ಆದರೂ ಮುಚ್ಚಿಡಬೇಡ. ಸೀಟು ಕೋಟಾದಲ್ಲಿ ಸಿಕ್ಕಿತು, ಸರಿ. ಸೆಮಿಸ್ಟರ್ ಪರೀಕ್ಷೆ ಎಲ್ಲರಿಗೂ ಒಂದೇ ಇತ್ತು. ಅದನ್ನು ಬರೆದು ಪಾಸಾದವನು ನೀನೇ ಅಲ್ವಾ?

ಮೆರಿಟ್ ಮಾತು ಬಂದರೆ ನಮ್ಮ ಧಾರವಾಡದಲ್ಲೇ ನಡೆದದ್ದನ್ನು ಹೇಳು. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಹೋದ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗನನ್ನು ಜಾತಿಯ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಅವನು ಆಗ ಧಾರವಾಡವನ್ನು ಆಳುತ್ತಿದ್ದ ಮುಂಬೈ ಸರ್ಕಾರಕ್ಕೇ ಅರ್ಜಿ ಹಾಕಿದ. ಅವರೂ ಕೈ ಹಿಡಿಯಲಿಲ್ಲ. ಪರೀಕ್ಷೆ ಬರೆಯುವ ಅವಕಾಶವನ್ನೇ ಕೊಡದೆ ಯಾರ ಮೆರಿಟ್ ಅಳೆಯುತ್ತಾರೆ? 2022ರಲ್ಲಿ ಕರ್ನಾಟಕ ಎಸ್‌ಸಿ ಮೀಸಲಾತಿಯನ್ನು ಶೇ. 15ರಿಂದ 17ಕ್ಕೆ, ಎಸ್‌ಟಿಯದನ್ನು ಶೇ. 3ರಿಂದ 7ಕ್ಕೆ ಏರಿಸಿದಾಗ ಇಲ್ಲಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಬೈದವರಲ್ಲಿ ಹಿಂದುಳಿದ ವರ್ಗಗಳ 2ಎ, 3ಬಿ ಕೋಟಾ ಸೀಟಿನಲ್ಲಿ ಓದಿದವರೂ ಇದ್ದರು. ಅದು ನನಗೆ ಜಾಸ್ತಿ ನೋವು ಕೊಟ್ಟಿತು.

ಕಾನೂನು ನಿನ್ನ ಕಡೆ ಇದೆ, ಆದರೆ ಪೂರ್ತಿ ಅಲ್ಲ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದ ನಗರಗಳಲ್ಲಿ ಇದೇ ಮೊದಲು. ಕೆಲಸಕ್ಕೂ ಬಾಡಿಗೆ ಮನೆಗೂ ಅದು ಅನ್ವಯಿಸುತ್ತದೆ. ಆದರೆ ಅದು ನಗರದ ಗಡಿಯೊಳಗೆ ಮಾತ್ರ. ನಮ್ಮವರು ಹೆಚ್ಚಾಗಿರುವ ರೆಡ್ಮಂಡ್, ಬೆಲ್‌ವ್ಯೂ ಬೇರೆ ನಗರಗಳು. ನಿನ್ನ ಆಫೀಸು, ಮನೆ ಎಲ್ಲಿವೆ ಅಂತ ಮೊದಲು ನೋಡಿಕೋ. ರೂಮ್ ಹಂಚಿಕೊಂಡರೂ ಬಾಡಿಗೆ ಕರಾರಿನಲ್ಲಿ ನಿನ್ನ ಹೆಸರು ಇರಲೇಬೇಕು. ಸುಮ್ನೆ ಬಾಯಿಮಾತು ನಂಬಬೇಡ.

ತಂಗಿಯೂ ಓದಲು ಬರಬೇಕು ಅಂತಾಳೆ ಅಂದೆ. ಇಲ್ಲಿನ ಕಾಲೇಜುಗಳಲ್ಲಿ ನಮ್ಮಲ್ಲಿರುವಂಥ ಕೋಟಾ ಇಲ್ಲ. ಪ್ರವೇಶ ಕೊಡುವಾಗ ಜನಾಂಗ ಪರಿಗಣಿಸುವುದನ್ನೂ 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹಣದ ದಾರಿ ಊರಿನಿಂದಲೇ ಹುಡುಕಬೇಕು. ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಕೊಳ್ಳಲಿ. ಅರ್ಜಿ ತುಂಬುವಾಗ ನನಗೆ ಫೋನ್ ಮಾಡಲು ಹೇಳು, ಜೊತೆಗಿದ್ದು ತುಂಬಿಸುತ್ತೇನೆ.