ಪಠ್ಯಕ್ರಮ ರೂಪಿಸಲು ಸಿದ್ಧಾಂತ ಸಾಕಾ, ತರಗತಿಯ ಅನುಭವವೂ ಬೇಕಾ?

ಎರಡೂ ಬೇಕು. ಆದರೆ ಸಿದ್ಧಾಂತ ದಿಕ್ಕು ತೋರಿಸುತ್ತದೆ, ಅಷ್ಟೇ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಸರಿ, ಹೇಗೆ?

ಮುಂಬಯಿಯ ಕನ್ನಡ ಶಾಲೆಯನ್ನೇ ತೆಗೆದುಕೊಳ್ಳಿ. ಸಮಯದ ಲೆಕ್ಕಕ್ಕೆ ಲೋಕಲ್ ಟ್ರೇನಿಗಿಂತ ಒಳ್ಳೆಯ ಉದಾಹರಣೆ ಇಲ್ಲ, ಅಲ್ವಾ? ಠಾಣೆಯಲ್ಲಿ 7:48ಕ್ಕೆ ಹತ್ತಿ, 8:25ಕ್ಕೆ ದಾದರ್‌ನಲ್ಲಿ ಇಳಿದರೆ ಎಷ್ಟು ಹೊತ್ತಾಯಿತು? 825ರಲ್ಲಿ 748 ಕಳೆದು 77 ನಿಮಿಷ ಎನ್ನುವ ಮಕ್ಕಳು ಇರುತ್ತಾರೆ. ಸರಿ ಉತ್ತರ 37. ಮಗುವಿಗೆ ಟ್ರೇನು ಗೊತ್ತು, ಕಳೆಯುವುದೂ ಗೊತ್ತು. ಕಳೆಯುವಾಗ ಒಂದು ಗಂಟೆ ಎರವಲು ತಂದರೆ ಸಿಗುವುದು 60 ನಿಮಿಷ, 100 ಅಲ್ಲ ಎನ್ನುವುದೇ ತೊಡಕು. ಸುಮ್ನೆ ಉದಾಹರಣೆ ಬದಲಿಸಿದರೆ ಸಾಲದು, ಈ ತೊಡಕಿಗೇ ಬೇರೆ ಪಿರಿಯಡ್ ಬೇಕು. ಇದು ಪಠ್ಯಕ್ರಮ ರೂಪಿಸುವ ಸಮಿತಿಗೆ ತಿಳಿಯುವುದು ಟೀಚರ್ ಹೇಳಿದಾಗಲೇ.