ಧ್ಯಾನಕ್ಕೆ ಕೂತರೂ ಪ್ರಾರ್ಥನೆಯೇ ಬಾಯಿಗೆ ಬರುತ್ತದೆ

ಪ್ರಶ್ನೆ: ಅಕ್ಕಾ, ನಾನು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು. ಈಚೆಗೆ ಬುದ್ಧನ ಮಾತುಗಳು ಮನಸ್ಸಿಗೆ ಹತ್ತಿರವಾಗುತ್ತಿವೆ. ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತೇನೆ. ಆದರೆ ರಾತ್ರಿ ಭಯವಾದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ತಾನಾಗಿ ಬಾಯಿಗೆ ಬರುತ್ತದೆ. ಇಬ್ಬರಿಗೂ ಮೋಸ ಮಾಡುತ್ತಿದ್ದೇನಾ? ಅಮ್ಮ ಬೇರೆ ಕಣ್ಣೀರು ಹಾಕುತ್ತಾರೆ. ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ತ್ರಿಶರಣ ತೆಗೆದುಕೊಂಡು ಒಂದು ಕಡೆ ನಿಂತುಬಿಡಲಾ?

ಉತ್ತರ: ನಾನೂ ಇದೇ ದಾರಿಯಲ್ಲಿ ಬಂದವಳು. ಮೋಸ ಅನ್ನುವ ಮಾತು ಬಿಟ್ಟುಬಿಡಿ. ಚಿಕ್ಕಂದಿನಲ್ಲಿ ಧೈರ್ಯ ಕೊಟ್ಟ ಪ್ರಾರ್ಥನೆ ಭಯವಾದಾಗ ಬಂದೇ ಬರುತ್ತದೆ. ನಾನು ಈಗಲೂ ಕಣ್ಣು ಮುಚ್ಚಿ ಉಸಿರು ಗಮನಿಸುತ್ತ ಕೂತರೆ, ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ನೆ ಜರುಗುತ್ತಿರುತ್ತದೆ. ಜಪಸರದ ಮಣಿ ಸರಿಸಿದ ಅಭ್ಯಾಸ. ಹತ್ತಕ್ಕೊಮ್ಮೆ ಚೂರು ನಿಲ್ಲುತ್ತದೆ, ಮತ್ತೆ ಶುರು. ನಾನು ತಡೆಯುವುದಿಲ್ಲ. ಬೆರಳು ಜರುಗುತ್ತಿದೆ ಅಂತ ಗೊತ್ತಾಗುತ್ತದೆ. ಆಗುತ್ತಿರುವುದನ್ನು ಅರಿವಿನಿಂದ ಗಮನಿಸಲು ಹೇಳುವ ಬುದ್ಧನ ಉಪದೇಶ (ಸುತ್ತ), ಸತಿಪಟ್ಠಾನ ಸುತ್ತ, ಕೇಳುವುದೂ ಅಷ್ಟೇ ಅಲ್ವಾ?

ಹಾಗಂತ ‘ಎಲ್ಲ ಒಂದೇ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ತಾಯಿ ಒಬ್ಬನೇ ಮಗನನ್ನು ಪ್ರಾಣ ಕೊಟ್ಟಾದರೂ ಕಾಯುವ ಹಾಗೆ ಎಲ್ಲ ಜೀವಿಗಳ ಮೇಲೂ ಮನಸ್ಸಿಡಿ ಅನ್ನುತ್ತದೆ ಮೆತ್ತ ಸುತ್ತ. ಇದನ್ನು ಓದಿದಾಗ ನನಗೆ ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯೇ ನೆನಪಾಯಿತು. ಆದರೆ ಬುದ್ಧನ ದಾರಿಯಲ್ಲಿ ಸೃಷ್ಟಿಕರ್ತ ದೇವರಿಲ್ಲ. ಶಾಶ್ವತ ಆತ್ಮವೂ ಇಲ್ಲ. ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಂಡು, ಪಾಪನಿವೇದನೆ ಮಾಡಿ ಎದ್ದಾಗ ಸಿಗುತ್ತಿದ್ದ ಆ ಹಗುರ, ಅದನ್ನು ಕೊಡುವವರೂ ಇಲ್ಲ. ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದೇ. ಆ ಖಾಲಿತನಕ್ಕೆ ಎಷ್ಟೋ ರಾತ್ರಿ ಅತ್ತಿದ್ದೇನೆ. ಬರಬರುತ್ತ, ಯಾರದಾದರೂ ಮನಸ್ಸು ನೋಯಿಸಿದೆ ಅನ್ನಿಸಿದರೆ ನೇರ ಅವರ ಹತ್ತಿರವೇ ಹೋಗಿ ಮಾತಾಡುವುದು ರೂಢಿಯಾಯಿತು.

ಶರಣು ಹೋಗುವ ಆತುರ ಬೇಡ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 56ನೇ ಸುತ್ತದಲ್ಲಿ ಉಪಾಲಿ ಅನ್ನುವ ಗೃಹಸ್ಥ ಬರುತ್ತಾನೆ. ನಿಗಂಠ ನಾಟಪುತ್ತನ, ಅಂದರೆ ಮಹಾವೀರನ ಶಿಷ್ಯ. ಬುದ್ಧನನ್ನು ವಾದದಲ್ಲಿ ಸೋಲಿಸಲು ಬಂದವನು, ಮಾತು ಮುಗಿಯುವಷ್ಟರಲ್ಲಿ ನಿಮ್ಮ ಶಿಷ್ಯನಾಗುತ್ತೇನೆ ಅಂದ. ಚೆನ್ನಾಗಿ ವಿಚಾರಮಾಡು ಅಂದ ಬುದ್ಧ. ಉಪಾಲಿ ಹಿಡಿದ ಪಟ್ಟು ಬಿಡಲಿಲ್ಲ. ಆಗ ಬುದ್ಧ, ನಿನ್ನ ಮನೆ ಇಷ್ಟು ಕಾಲ ನಿಗಂಠರಿಗೆ (ಜೈನ ಸನ್ಯಾಸಿಗಳಿಗೆ) ಆಸರೆಯಾಗಿತ್ತು, ಇನ್ನು ಮುಂದೆಯೂ ಅವರು ಬಂದರೆ ಭಿಕ್ಷೆ ಕೊಡು ಅಂದ. ಹಳೆಯ ಗುರುಗಳಿಗೆ ಬಾಗಿಲು ಹಾಕು ಅನ್ನಲಿಲ್ಲ. ನನಗೆ ಬುದ್ಧನ ಮೇಲೆ ಪ್ರೀತಿ ಹುಟ್ಟಿದ್ದೇ ಇಲ್ಲಿ.

ತಮ್ಮ ಧರ್ಮ ಬಿಡದೇ ಬೌದ್ಧರಿಂದ ಕಲಿತವರೂ ಇದ್ದಾರೆ. ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿ ಥಾಮಸ್ ಮರ್ಟನ್ 1968ರಲ್ಲಿ ಹಿಮಾಚಲದ ಧರ್ಮಶಾಲಾ ಊರಿಗೆ ಹೋಗಿ ದಲೈ ಲಾಮಾ ಅವರ ಜೊತೆ ಧ್ಯಾನದ ಬಗ್ಗೆ ಮಾತಾಡಿದರು. ಕೊನೆಯವರೆಗೂ ಕ್ರೈಸ್ತ ಸನ್ಯಾಸಿಯಾಗಿಯೇ ಉಳಿದರು. ನಾನು ಹಾಗೆ ಉಳಿಯಲಿಲ್ಲ. ನೀವು ಉಳಿಯಬಹುದು.

ಇನ್ನು ಅಮ್ಮ. ಸತ್ತ ಮೇಲೆ ಮಗಳು ನನ್ನ ಜೊತೆ ಇರುವುದಿಲ್ಲ ಅನ್ನುವ ಸಂಕಟ ಅವರಿಗಿರಬಹುದು. ನನ್ನಮ್ಮ ಅದನ್ನು ಬಾಯಿಬಿಟ್ಟೇ ಹೇಳಿದ್ದರು. ವಾದ ಮಾಡಬೇಡಿ. ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆಯನ್ನು ಜೊತೆಗೆ ಕೂತು ಓದಿ. ಬೌದ್ಧಧರ್ಮದ ಹೆಸರನ್ನೂ ಹೇಳಿ, ಬೇರೆ ಧರ್ಮಗಳಲ್ಲಿರುವ ಸತ್ಯವನ್ನು, ಪವಿತ್ರವಾದುದನ್ನು ತಳ್ಳಿಹಾಕುವುದಿಲ್ಲ ಎಂದು ಅಮ್ಮನ ಧರ್ಮಸಭೆಯೇ ಅದರಲ್ಲಿ ಹೇಳಿದೆ. ಕರೆದರೆ ಚರ್ಚಿನ ಬಲಿಪೂಜೆಗೂ (ಮಾಸ್) ಹೋಗಿ. ನಂಬಿಕೆ ಉಳಿದಿಲ್ಲವಾದರೆ ಅಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿ, ಪರಮಪ್ರಸಾದ ಮಾತ್ರ ತೆಗೆದುಕೊಳ್ಳಬೇಡಿ, ಬೆಂಚಿನಲ್ಲೇ ಕೂತಿರಿ. ಯಾಕೆ ಅಂತ ಅಮ್ಮ ಕೇಳಿದರೆ ನಿಜ ಹೇಳಿ. ತ್ರಿಶರಣಕ್ಕೆ ಕಾಯಬಹುದು. ಬೌದ್ಧ ಗೃಹಸ್ಥರ ಐದು ನಿಯಮ, ಪಂಚಶೀಲ ಪಾಲಿಸಲು ಇವತ್ತೇ ಶುರುಮಾಡಬಹುದು, ಸುಳ್ಳು ಹೇಳದಿರುವುದು ಅದರಲ್ಲಿ ನಾಲ್ಕನೆಯದು.